ಹುಳುಮನೆಯಲ್ಲಿ ನನ್ನ ಮಂಚ

ನಮ್ಮ ಮನೆಯಲ್ಲಿ ಎರಡು ಹವಾಮಾನಗಳಿದ್ದವು: ಒಂದು ರೇಷ್ಮೆ ಹುಳುಗಳದ್ದು, ಇನ್ನೊಂದು ಮಿಕ್ಕವರದ್ದು. ಮಿಕ್ಕವರಿಗೆ ಚಳಿಗಾಲದಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು, ಬೇಸಿಗೆಯಲ್ಲಿ ತುಟಿ ಬಿರಿಯುತ್ತಿತ್ತು, ನಡುವೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಳುಗಳಿಗೆ ಮಾತ್ರ ವರ್ಷವಿಡೀ ಒಂದೇ ಋತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ನಮ್ಮೂರಲ್ಲಿ ಹಿಪ್ಪುನೇರಳೆ ತೋಟ ಇದ್ದವರ ಮನೆಗಳೆಲ್ಲ ಹೀಗೇ ಇದ್ದವು. ಮನೆಯ ಅತ್ಯುತ್ತಮ ಕೋಣೆ ಹುಳುವಿಗೆ; ಉಳಿದ ಜಾಗದಲ್ಲಿ ಮನುಷ್ಯರು ಹೇಗೋ ಹೊಂದಿಕೊಳ್ಳಬೇಕು. ಆ ಕೋಣೆಗೆ ಹುಳುಮನೆ ಎಂದು ಹೆಸರು. ದಪ್ಪ ಗೋಡೆ, ಒಂದೇ ಕಿಟಕಿ, ಕಿಟಕಿಗೆ ಗೋಣಿಚೀಲ. ಗೋಡೆಯ ಮೇಲೆ ಎರಡು ಕಡ್ಡಿಗಳ ಥರ್ಮಾಮೀಟರು. ಒಂದು ಕಾವು ಹೇಳುತ್ತದೆ, ಇನ್ನೊಂದು ತೇವ ಹೇಳುತ್ತದೆ. ಕಾವು ಇಳಿದರೆ ಮೂಲೆಯ ಕುಂಪಟಿಗೆ ಕೆಂಡ ತುಂಬುವುದು, ಗಾಳಿ ಒಣಗಿದರೆ ಒದ್ದೆ ಗೋಣಿ ನೇತುಹಾಕುವುದು. ಹೊಸಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ; ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ. ಅಪ್ಪ ಒಮ್ಮೆ ಅವಸರದಲ್ಲಿ ಹಾಗೇ ನುಗ್ಗಿ, ಅಜ್ಜಿಯ ಕೈಲಿ ಬೈಸಿಕೊಂಡು, ನಲವತ್ತು ವರ್ಷದ ಗಂಡಸು ತಲೆ ತಗ್ಗಿಸಿಕೊಂಡು ಬೋಗುಣಿಯಲ್ಲಿ ನಿಂತಿದ್ದುದನ್ನು ನಾನು ನೋಡಿದ್ದೇನೆ. ಆ ಭಂಗಿಯನ್ನು ಈಗಲೂ ಮದುವೆಮನೆಗಳ ಮಿಮಿಕ್ರಿಯಲ್ಲಿ ಮಾಡುತ್ತೇನೆ. ಜನ ನಗುತ್ತಾರೆ. ಅಪ್ಪ ಎದುರಿಗಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತೇನೆ.

ಅಜ್ಜಿ, ಅಂದರೆ ಅಪ್ಪನ ತಾಯಿ, ಹುಳುಮನೆಯ ಮಹಾರಾಣಿ. ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು, ಹಾಗಾಗಿ ಸಿಟ್ಟು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಥರ್ಮಾಮೀಟರು ಓದಲು ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲಲ್ಲಿ ನಿಂತು ಕೆನ್ನೆ ಒಳಕ್ಕೆ ಚಾಚಿ "ಎರಡು ಕೆಂಡ ಕಮ್ಮಿ ಐತೆ" ಅನ್ನುತ್ತಿದ್ದಳು. ಅಪ್ಪ ಹೋಗಿ ನೋಡಿದರೆ ಪಾದರಸ ಅದನ್ನೇ ಹೇಳುತ್ತಿತ್ತು. ಹುಳುವಿಗೆ ಹೊಗೆ ಆಗದು ಎಂದು ಒಗ್ಗರಣೆ ಹಿತ್ತಲಲ್ಲಿ. ಅವರೆಕಾಳಿನ ಕಾಲದಲ್ಲಿ ಅಮ್ಮ ಹಿತ್ತಲ ಮಂಜಿನಲ್ಲಿ ಕೂತು ಮೆಣಸಿನಕಾಯಿ ಸಿಡಿಸುತ್ತ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಹುಳುಗಳಿಗೆ ಕೇಳಿಸದಷ್ಟು ಮೆತ್ತಗೆ ಹುಳುಗಳನ್ನು ಬೈಯುತ್ತಿದ್ದಳು. ಕುಂಪಟಿಗೆ ಹಾಕುವ ಇದ್ದಿಲೂ ಅಂಗಳದಲ್ಲಿ ಚೆನ್ನಾಗಿ ಉರಿದು, ಹೊಗೆಯೆಲ್ಲ ಹೋಗಿ, ಕೆಂಪು ಕೆಂಡವಾದ ಮೇಲೆಯೇ ಒಳಗೆ ಹೋಗಬೇಕು. ಅಷ್ಟು ಶಿಸ್ತು. ಹುಳು ಪೊರೆ ಬಿಡುವ ದಿನಗಳಲ್ಲಿ ಅಜ್ಜಿ ತೆಳ್ಳನೆಯ ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ, ಹುಳು ಸಾಕುವ ತಟ್ಟೆ ತಟ್ಟೆಯ ಮೇಲೂ ಮಗುವಿಗೆ ಪೌಡರು ಹಚ್ಚಿದಂತೆ ತಟ್ಟುತ್ತಿದ್ದಳು. ನನಗೆ ಯಾರೂ ಅಷ್ಟು ಮುದ್ದಿನಿಂದ ಪೌಡರು ಹಚ್ಚಿದ್ದು ನೆನಪಿಲ್ಲ.

ಇಂಥ ಮನೆಯಲ್ಲಿ ನಾನು ಹುಟ್ಟಿದ್ದು ಎದೆಯೊಳಗೆ ಒಂದು ಪೀಪಿ ಇಟ್ಟುಕೊಂಡು. ಚಳಿ ಶುರುವಾದರೆ ಪೀಪಿಯೂ ಶುರು. ಬೆಳಗಿನ ಮಂಜಿಳಿದು ಎದುರುಮನೆ ಕಾಣದಂತಾದ ದಿನ ನಾನು ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಭುಜ ಕಿವಿಯವರೆಗೆ ಎತ್ತಿ ಉಸಿರಾಡುತ್ತಿದ್ದೆ. ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಏಳು ವರ್ಷದ ಹುಡುಗ ನೋಡಲು ಎಪ್ಪತ್ತರ ಮುದುಕನಂತೆ. ಶಾಲೆಯಲ್ಲಿ ಓಟದ ಪಂದ್ಯಕ್ಕೆ ನನ್ನನ್ನು ಸೀಟಿ ಊದಲು ನಿಲ್ಲಿಸುತ್ತಿದ್ದರು. ಸೀಟಿ ಊದಲೂ ಉಸಿರು ಸಾಲದೆ, ಬಾಯಲ್ಲೇ ಸೀಟಿಯ ಶಬ್ದ ಮಾಡುವುದನ್ನು ಕಲಿತೆ. ನನ್ನ ಕಲಾಜೀವನದ ಆರಂಭ ಅದು.

ಮೊದಮೊದಲು ಕಷಾಯ, ಎದೆಗೆ ಬಿಸಿಯೆಣ್ಣೆ, ತಲೆಗೆ ಮಂಕಿಕ್ಯಾಪು ಎಲ್ಲ ಆಯಿತು. ಶಿಡ್ಲಘಟ್ಟದ ಮೆಡಿಕಲ್ ಶಾಪಿನಿಂದ ಕೆಮ್ಮಿನ ಸಿರಪ್ಪುಗಳು ಬಂದವು, ಹೋದವು. ಕೊನೆಗೆ ಅಜ್ಜಿಗೆ ಹೊಳೆಯಿತು. ಒಂದು ದಿನ ಬೆಳಿಗ್ಗೆ ನನ್ನ ಮಂಚವನ್ನು ತಾನೇ ಎಳೆದುಕೊಂಡು ಹೋಗಿ, ನಾಲ್ಕೂ ಕಾಲುಗಳನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ, ಹುಳುಮನೆಯಲ್ಲಿ ತಟ್ಟೆ ಜೋಡಿಸಿದ ಎರಡು ಸ್ಟ್ಯಾಂಡುಗಳ ನಡುವೆ ಹಾಕಿದಳು.

"ಅತ್ತೆ, ಹುಳದ ಜೊತೆ ಮಗೂನಾ?" ಅಂದಳು ಅಮ್ಮ.

"ಲಕ್ಷ ಹುಳ ಬದುಕ್ತಾವೆ ಅಲ್ಲಿ, ಒಂದು ಮಗು ಬದುಕಲ್ವೇನೇ? ಹೊರಗಡೆ ಇಬ್ಬನಿ ನೋಡು, ಒಳಗಡೆ ಕಾವು ನೋಡು. ನನ್ನ ಮೊಮ್ಮಗನಿಗೆ ಈ ಮನೇಲಿ ಇರೋ ಒಳ್ಳೇ ಜಾಗ ಕೊಡ್ತಿದೀನಿ ಕಣಮ್ಮ."

ಇದು ಸಣ್ಣ ಮಾತಲ್ಲ. ಆ ಕೋಣೆಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ, ಚಪ್ಪಲಿಗೆ ಇರಲಿಲ್ಲ, ಊದುಬತ್ತಿಗೆ ಇರಲಿಲ್ಲ. ಅಜ್ಜಿ ನನ್ನನ್ನು ಹುಳುವಿನ ಮಟ್ಟಕ್ಕೆ ಏರಿಸಿದ್ದಳು. ಹೀಗೆ ಮೂರು ಚಳಿಗಾಲ ನಾನು ಹುಳುಗಳ ಜೊತೆ ಬೆಳೆದೆ. ಅವು ಇಪ್ಪತ್ತೈದು ದಿನದಲ್ಲಿ ಬೆರಳು ಗಾತ್ರ ಆಗುತ್ತಿದ್ದವು. ನಾನು ಹಾಗೇ ಇದ್ದೆ. ಕೊನೆಯ ವಾರದಲ್ಲಿ ಅವು ಸೊಪ್ಪು ತಿನ್ನುವ ಸದ್ದು, ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಹಪ್ಪಳ ಮುರಿದ ಹಾಗೆ. ಆ ಸದ್ದಿನ ನಡುವೆ ಗೋಡೆಯಾಚೆಯಿಂದ ಮನೆಯ ಮಾತು, ಬೀದಿಯ ಮಾತು ತೇಲಿ ಬರುತ್ತಿದ್ದವು. ಮುಖಗಳಿಲ್ಲ, ಬರೀ ದನಿಗಳು. ಸೊಪ್ಪು ಮಾರುವವಳು ಕೊನೆಯ ಅಕ್ಷರವನ್ನು ಹೇಗೆ ಎಳೆಯುತ್ತಾಳೆ, ಅಮ್ಮ ಅಳು ಬಂದಾಗ ಹೇಗೆ ಪಾತ್ರೆ ಜೋರಾಗಿ ಇಡುತ್ತಾಳೆ, ಅಪ್ಪ ಸುಳ್ಳು ಹೇಳುವ ಮುಂಚೆ ಹೇಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ, ಎಲ್ಲವೂ ಅಲ್ಲೇ ಕಲಿತದ್ದು. ಉಸಿರು ಚಿಕ್ಕದಾದ್ದರಿಂದ ಉದ್ದ ಮಾತು ನನ್ನ ಕೈಲಾಗುತ್ತಿರಲಿಲ್ಲ. ಅದಕ್ಕೇ ಮೊದಲು ಅಪ್ಪನನ್ನು ಆರಿಸಿಕೊಂಡೆ. ಅಪ್ಪ ದಿನಕ್ಕೆ ಆಡುವುದು ನಾಲ್ಕು ಮಾತು, ಅದರಲ್ಲಿ ಮೂರು "ಆಯ್ತು". ಅಜ್ಜಿಯನ್ನು ಮಾಡಲು ಮಾತ್ರ ಎದೆ ಚೆನ್ನಾಗಿರುವ ದಿನಕ್ಕೆ ಕಾಯಬೇಕಿತ್ತು.

ವಿಚಿತ್ರವೆಂದರೆ, ನಡೆದದ್ದೆಲ್ಲ ಅಜ್ಜಿಯ ಕಡೆಗೇ ಸಾಕ್ಷಿ ಹೇಳುತ್ತಿತ್ತು. ಬೆಳಿಗ್ಗೆ ಹುಳುಮನೆಯಲ್ಲಿ ಎದೆಯ ಪೀಪಿ ಊದುತ್ತಿದ್ದವನು ಮಧ್ಯಾಹ್ನ ಜಗುಲಿಯ ಬಿಸಿಲಿಗೆ ಬಂದರೆ ಸರಿಹೋಗುತ್ತಿದ್ದೆ. "ನೋಡು, ಬೆಳಗಿಂದ ಹೀರಿದ ಕಾವು ಈಗ ಕೆಲಸ ಮಾಡ್ತು" ಅನ್ನುತ್ತಿದ್ದಳು. ಹುಳು ಗೂಡು ಕಟ್ಟಿ ಕೋಣೆ ಖಾಲಿಯಾಗಿ, ನಾನು ನಡುಮನೆಗೆ ಬಂದ ವಾರ ಆರಾಮವಾಗಿದ್ದರೆ, "ಚಳಿ ಮುರೀತು" ಎಂದಾಗುತ್ತಿತ್ತು. ಗೌರಿಬಿದನೂರಿನಲ್ಲಿ ನನ್ನ ಅತ್ತೆಯ, ಅಂದರೆ ಅಪ್ಪನ ಸೋದರಿಯ ಮನೆ. ಮಾವ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟು ಕೆಲಸದವರು; ಮನೆಯಲ್ಲಿ ಹುಳು ಇಲ್ಲ. ಒಂದು ಜನವರಿಯಲ್ಲಿ ಹತ್ತು ದಿನ ಅಲ್ಲಿದ್ದೆ. ಅಲ್ಲೂ ಚಳಿಯೇ, ಅಲ್ಲೂ ಮಂಜೇ. ಒಂದು ಸಲ ಮಾತ್ರ ಸ್ವಲ್ಪ ಕೆಮ್ಮಿದೆ ಅಷ್ಟೆ. ಅತ್ತೆ ತನ್ನ ಅಡುಗೆಯ ಗುಣ ಅಂದಳು. ಅಜ್ಜಿ ಎರಡು ದಿನ ಮಗಳ ಮೇಲೆ ಮುನಿಸಿಕೊಂಡಳು. ಅಮ್ಮ ಮಾತ್ರ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

"ಅತ್ತೆ, ಆ ರೂಮಲ್ಲಿ ಇದ್ದಾಗ್ಲೇ ಜಾಸ್ತಿ ಆಗುತ್ತೆ ಅನ್ಸುತ್ತೆ ನಂಗೆ."

"ಜಾಸ್ತಿ ಆಗುತ್ತೆ ಅಂತಾನೇ ಅಲ್ವೇನೇ ಅಲ್ಲಿ ಹಾಕಿರೋದು!"

ಈ ತರ್ಕಕ್ಕೆ ಉತ್ತರ ಕೊಡಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಮೂರನೆಯ ಚಳಿಗಾಲ ಕೆಟ್ಟದಾಗಿ ಬಂತು. ಬರಬೇಕಾದ ಕಾಲಕ್ಕೆ ಬಾರದ ಮಳೆ ಚಳಿಯ ಜೊತೆಗೇ ಬಂತು. ನಾಲ್ಕು ದಿನ ಸೂರ್ಯನೇ ಇಲ್ಲ. ಒದ್ದೆ ಗೋಡೆ, ಒದ್ದೆ ಸೊಪ್ಪು. ಹುಳುವಿಗೆ ಕಾವು ಸಾಲದೆಂದು ಅಜ್ಜಿ ಇನ್ನೊಂದು ಕುಂಪಟಿ ತಂದಿಟ್ಟಳು. ಐದನೆಯ ದಿನ ಬೆಳಿಗ್ಗೆ ನನಗೆ "ಅಮ್ಮ" ಎನ್ನುವ ಎರಡಕ್ಷರವೂ ಒಂದೇ ಉಸಿರಿಗೆ ಬರಲಿಲ್ಲ. ಉಗುರು ನೀಲಿ ಆಗಿತ್ತಂತೆ. ಅಮ್ಮ ಅವತ್ತು ಅಜ್ಜಿಯನ್ನು ಕೇಳಲಿಲ್ಲ. ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ರಸ್ತೆಗೆ ನಡೆದಳು. ಹಿಂದೆ ಅಪ್ಪ, ಅವನ ಹಿಂದೆ, ಕೈಯ ಸುಣ್ಣವನ್ನೂ ತೊಳೆಯದೆ, ಅಜ್ಜಿ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಗಾಜು ಒಡೆದ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು. ಅಜ್ಜಿ ದಾರಿಯುದ್ದಕ್ಕೂ ಸೆರಗನ್ನು ಆ ಕಿಟಕಿಗೆ ಅಡ್ಡ ಹಿಡಿದು ಕೂತಿದ್ದಳು.

ಮಕ್ಕಳ ಡಾಕ್ಟರು ಒಬ್ಬ ಮಧ್ಯವಯಸ್ಸಿನ ಹೆಂಗಸು. ಚೀಟಿ ಹಿಡಿದು ನಮ್ಮ ಸರದಿ ಬರುವಷ್ಟರಲ್ಲಿ ಹೊತ್ತೇರಿ ಬಿಸಿಲು ಬಂದಿತ್ತು, ಮತ್ತು ನನ್ನ ಎದೆ, ಮಾನ ಕಳೆಯಲೆಂದೇ, ತೆರೆದುಕೊಂಡಿತ್ತು. ಡಾಕ್ಟರು ಸ್ಟೆತಾಸ್ಕೋಪು ಇಟ್ಟರು, ಹಿಂದೆ ಇಟ್ಟರು, ಮುಂದೆ ಇಟ್ಟರು.

"ಈಗ ಅಷ್ಟೇನಿಲ್ವಲ್ಲ. ಮನೇಲಿ ಹೇಗೆ ಶಬ್ದ ಬರುತ್ತೆ?"

"ಬೆಕ್ಕಿನ ಮರಿ ತರ" ಎಂದಳು ಅಜ್ಜಿ. "ಕುಕ್ಕರು ಕೂಗೋಕೆ ಮುಂಚೆ ಬರುತ್ತಲ್ಲ, ಹಂಗೆ" ಎಂದಳು ಅಮ್ಮ. ಅಪ್ಪ ಗಂಟಲು ಸರಿಮಾಡಿಕೊಂಡ.

ಮೂವರದೂ ತಪ್ಪು. ನನ್ನ ಶಬ್ದದ ಬಗ್ಗೆ ನನ್ನ ಎದುರಿಗೇ ಇಷ್ಟು ಕಳಪೆ ಮಿಮಿಕ್ರಿ ನಡೆಯುವಾಗ ಹೇಗೆ ಸುಮ್ಮನಿರಲಿ? ಬೆನ್ನು ಬಾಗಿಸಿ, ಭುಜ ಏರಿಸಿ, ಮಾಡಿ ತೋರಿಸಿದೆ.

"ನೋಡಿ ಡಾಕ್ಟ್ರೇ, ಹೆಂಗೆ ನಾಟ್ಕ ಆಡ್ತಾನೆ!" ಅಜ್ಜಿ ಹಣೆ ಚಚ್ಚಿಕೊಂಡಳು. "ಸುಮ್ನಿರೋ ಸೀನ, ಆಮೇಲೆ ನಿಜವಾದ್ದನ್ನೂ ಸುಳ್ಳು ಅಂದ್ಕೊತಾರೆ."

ಡಾಕ್ಟರು ನಗಲಿಲ್ಲ. "ಇನ್ನೊಂದ್ಸಲ ಮಾಡಪ್ಪ. ಸಿಳ್ಳೆ ಉಸಿರು ಎಳೀವಾಗ ಬರುತ್ತಾ, ಬಿಡುವಾಗ್ಲಾ?"

"ಬಿಡುವಾಗ."

"ಯಾವಾಗ ಶುರುವಾಗುತ್ತೆ? ಅವಾಗ ಸುತ್ತ ಏನ್ ನಡೀತಿರುತ್ತೆ?"

ಇಂಥ ಪ್ರಶ್ನೆಗೆ ಕಾಯುತ್ತಿದ್ದವನಂತೆ ನಾನು ಸ್ಟೂಲಿನ ಮೇಲೇ ನಮ್ಮ ಮನೆಯ ಬೆಳಗನ್ನು ಮಾಡಿದೆ. ಡಾಕ್ಟರನ್ನು ನಗಿಸಬೇಕು ಅನ್ನುವುದೊಂದೇ ನನ್ನ ಉದ್ದೇಶ. ಮೊದಲು ಅಜ್ಜಿ: "ಓರಿ ದೇವುಡಾ, ಯಾರೇ ಬಾಕ್ಲು ತೆಗ್ದಿದ್ದು? ಕಾವೆಲ್ಲ ಹೋಯ್ತು! ಕಿಟಕಿಗೆ ಇನ್ನೊಂದು ಗೋಣಿ ಹಾಕು!" ಆಮೇಲೆ ಅಪ್ಪ: "ಆಯ್ತು." ಮತ್ತೆ ಅಜ್ಜಿ: "ಕುಂಪಟೀಗೆ ಇನ್ನೂ ಎರಡು ಮುಷ್ಟಿ ಕೆಂಡ! ಗೋಣಿ ಒಣಗೈತೆ, ನೀರು ಚಿಮ್ಸು!" ಅಪ್ಪ: "ಆಯ್ತು." ಸುಣ್ಣದ ಪುಡಿಯ ಗಂಟು ತಟ್ಟುವ ಪಟಪಟ, ನಡುವೆ ಅಜ್ಜಿಯ ಸೀನು, ಸೀನಿದ ಮೇಲೆ ಅವಳು ಹುಳುಗಳಿಗೆ ಹೇಳುವ ಕ್ಷಮಾಪಣೆ. ಕಾಂಪೌಂಡರು ಬಾಗಿಲಲ್ಲಿ ನಿಂತು ನಗುತ್ತಿದ್ದ. ಅಮ್ಮ ಕೂಡ ಸೆರಗು ಬಾಯಿಗಿಟ್ಟುಕೊಂಡಳು. ಡಾಕ್ಟರ ಮುಖದಲ್ಲಿ ಮೊದಲು ಬಂದ ನಗು ನಡುವೆ ಎಲ್ಲೋ ನಿಂತುಹೋಯಿತು.

"ಇದು ಯಾವ ರೂಮು?"

"ಹುಳುಮನೆ."

"ನೀನು ಮಲಗೋದು ಅಲ್ಲೇನಾ?"

ನನಗಿಂತ ಮೊದಲು ಅಜ್ಜಿ ಉತ್ತರ ಕೊಟ್ಟಳು. ಹೆಮ್ಮೆಯಿಂದ, ಸೊಂಟ ನೆಟ್ಟಗೆ ಮಾಡಿಕೊಂಡು. "ಮೂರು ವರ್ಷದಿಂದ ಅಲ್ಲೇ ಡಾಕ್ಟ್ರೇ. ನಮ್ಮನೇಲಿ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಒಂಚೂರೂ ಹೊಗೆ ಇರಲ್ಲ, ಬರೀ ಕೆಂಡ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಅಜ್ಜಿಯ ಕಡೆಗೇ ಕುರ್ಚಿ ತಿರುಗಿಸಿ, ಮೆತ್ತಗೆ ಹೇಳಿದರು.

"ನೀವು ಹೇಳಿದ್ದು ಅರ್ಧ ಸರಿ ಅಜ್ಜಿ. ಇವನಿಗೆ ಚಳಿ ಆಗಲ್ಲ. ತಣ್ಣನೆ ಗಾಳಿ ತಾಕಿದ್ರೆ ಇವನ ಉಸಿರಿನ ದಾರಿ ಬಿಗಿಯಾಗುತ್ತೆ. ಹವಾ ದಿಢೀರ್ ಅಂತ ಬದಲಾದ್ರೂ ಅಷ್ಟೆ. ಆದ್ರೆ ಕೆಂಡದಿಂದ ಬರೋದೆಲ್ಲ ಕಣ್ಣಿಗೆ ಕಾಣಲ್ಲ. ಕಿಟಕಿ ಮುಚ್ಚಿ, ಕೆಂಡ ಇಟ್ಟು, ಸುಣ್ಣದ ಪುಡಿ ಹಾರ್ಸಿ, ಬ್ಲೀಚಿಂಗ್ ವಾಸನೆ, ಒದ್ದೆ ಗೋಣಿ ಬೂಸ್ಟು... ಬಿಗಿಯಾಗಿರೋ ದಾರೀಲಿ ಇದೆಲ್ಲ ಹೋಗ್ಬೇಕಲ್ವಾ?"

"ಹುಳ ಚೆನ್ನಾಗಿರ್ತಾವಲ್ಲ ಡಾಕ್ಟ್ರೇ."

"ಹುಳಕ್ಕೆ ಒಳ್ಳೇ ರೂಮೇ ಅಜ್ಜಿ. ಇವನಿಗಲ್ಲ."

ಅಜ್ಜಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು.

"ಹಂಗಾದ್ರೆ ಮೂರು ವರ್ಷ ನಾನೇ..." ಎಂದಳು. ನನ್ನ ಕಲೆ ನನ್ನನ್ನು ಉಳಿಸಿತು ಎಂದು ಈಗ ಜಂಬ ಕೊಚ್ಚಿಕೊಳ್ಳಬಹುದು. ಅವತ್ತು ಅನ್ನಿಸಿದ್ದು ಬೇರೆ: ತುಂಬಿದ ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ನಗಿಸುತ್ತ, ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವಳ ಮೇಲೆ ನಾನು ದೂರು ಕೊಟ್ಟುಬಿಟ್ಟಿದ್ದೆ.

ಡಾಕ್ಟರು ಉಸಿರಿಗೆ ಔಷಧಿ ಚಿಮ್ಮುವ ಒಂದು ಪಂಪು ಕೊಟ್ಟರು, ಜೊತೆಗೆ ಸಣ್ಣ ಬಾಟಲಿಯಂಥ ಪ್ಲಾಸ್ಟಿಕ್ಕಿನ ಕೊಳವೆ. ಕೊಳವೆಯ ಒಂದು ತುದಿಗೆ ಪಂಪು, ಇನ್ನೊಂದು ತುದಿಗೆ ನನ್ನ ಬಾಯಿ. ಒಂದು ಸಲ ಒತ್ತಬೇಕು, ಹತ್ತು ಸಲ ನಿಧಾನವಾಗಿ ಉಸಿರಾಡಬೇಕು. ಸಾಲದಿದ್ದರೆ ಮತ್ತೆ ಒತ್ತು, ಮತ್ತೆ ಹತ್ತು. ಅದಕ್ಕೂ ಬಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ. ಅಮ್ಮ ಎರಡು ಸಲ ಮಾಡಿ ತೋರಿಸಿ ಒಪ್ಪಿಸಿದಳು. ಅಜ್ಜಿ ಬೇರೆ ಕಡೆ ನೋಡುತ್ತಿದ್ದಳು. ಪಂಪೆಂದರೆ ಅವಳ ಮಟ್ಟಿಗೆ ಒಮ್ಮೆ ಬಾಯಿಗಿಟ್ಟರೆ ಜನ್ಮಕ್ಕೆ ಬಿಡದ ಚಟ. ಬಸ್ಸಿನಲ್ಲಿ ನಾನು ಕಂಡಕ್ಟರನ್ನು ಮಾಡಿದೆ, ಕಾಂಪೌಂಡರನ್ನು ಮಾಡಿದೆ, ಕೊನೆಗೆ ನನ್ನನ್ನೇ ಮಾಡಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಮನೆಗೆ ಬಂದವಳೇ ಮಂಚವನ್ನು ಹುಳುಮನೆಯಿಂದ ಹೊರಗೆಳೆದು, ಬಿಸಿನೀರಿನಲ್ಲಿ ಉಜ್ಜಿ, ನಡುಮನೆಯ ಕಿಟಕಿಯ ಎದುರು ಗೋಡೆಗೆ ಹಾಕಿದಳು. ಕಿಟಕಿ ತೆರೆದೇ ಇರಬೇಕು, ಆದರೆ ಗಾಳಿ ನೇರ ಮುಖಕ್ಕೆ ಬೀಳಬಾರದು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ನಡೆಸಿದಳು. ಆದರೆ ಅವತ್ತಿನಿಂದ ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದಳು. ಮೊದಲು ಬೆಳಿಗ್ಗೆ ನನ್ನ ಬೆನ್ನು ಸವರುತ್ತ ಕೂರುತ್ತಿದ್ದವಳು ಈಗ ನಡುಮನೆಯ ಹೊಸಿಲಾಚೆ ನಿಂತು ಮಾತಾಡುತ್ತಿದ್ದಳು. ಸೀರೆಗೆ ಕೆಂಡದ ವಾಸನೆ, ಕೈಗೆ ಸುಣ್ಣ, ಕಾಲಿಗೆ ಬ್ಲೀಚಿಂಗು.

"ಬಾ ಅಜ್ಜಿ, ಕೂತ್ಕೊ."

"ಬ್ಯಾಡ ನಾಯನಾ. ನನ್ನ ಮೈಯೆಲ್ಲ ಹುಳುಮನೇನೇ."

ಮುದ್ದೆಯ ತಟ್ಟೆಯನ್ನೂ ಅಮ್ಮನ ಕೈಲಿ ಕಳಿಸುತ್ತಿದ್ದಳು. ನನ್ನ ಎದೆ ಹಗುರಾಗುತ್ತ ಬಂತು. ಹತ್ತು ದಿನ, ಹದಿನೈದು ದಿನ, ಪೀಪಿ ಇಲ್ಲ. ಉಸಿರು ಉದ್ದವಾಗಿ, ಒಂದು ಇಡೀ ವಾಕ್ಯ ನಿಲ್ಲದೆ ಹೇಳಬಲ್ಲವನಾದೆ. ಅಜ್ಜಿಯನ್ನು ಮಾತ್ರ ಮಾಡಲಿಲ್ಲ. ಹೊಸಿಲಾಚೆ ನಿಂತವಳನ್ನು ಆಡಿಕೊಳ್ಳುವಷ್ಟು ಕೆಟ್ಟವನಾಗಿರಲಿಲ್ಲ ನಾನು. ಬಹುಶಃ ಆಗಿದ್ದೆ, ಧೈರ್ಯ ಸಾಲಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಮಂಜು ಮತ್ತೆ ಇಳಿಯಿತು, ತೋಟ ಕಾಣದಷ್ಟು. ಅಪ್ಪ ಹಿಂದಿನ ದಿನ ಬಿಡಿಸಿದ ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದ. ಅಮ್ಮ ಇನ್ನೊಂದು ತಂಡದ ಎಳೆ ಹುಳುಗಳಿಗೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು. ನಾನು ಬುದ್ಧಿವಂತ, ಮಂಜಿನಲ್ಲಿ ಬಾಯಿಂದ ಹೊಗೆ ಬಿಡುತ್ತ ಬೀಡಿ ಸೇದುವವರನ್ನು ಅನುಕರಿಸೋಣ ಎಂದು, ಮಫ್ಲರು ಬಿಚ್ಚಿ, ಅಂಗಳದ ತುಂಬ ಓಡಾಡಿದೆ. ಐದು ನಿಮಿಷದಲ್ಲಿ ಎದೆ ಹಗ್ಗ ಹಾಕಿ ಬಿಗಿದಂತಾಯಿತು. ಹೇಗೋ ಮಂಚಕ್ಕೆ ಬಂದು ಮೊಣಕಾಲಿಗೆ ಕೈ ಊರಿದೆ. ಪಂಪು ಗೋಡೆಯ ಗೂಡಿನಲ್ಲಿತ್ತು, ನನ್ನ ಕೈಗೆ ಎಟುಕದ ಎತ್ತರದಲ್ಲಿ. ನಾನು ಆಟಕ್ಕೆ ತೆಗೆಯಬಾರದೆಂದು ಇಟ್ಟದ್ದು ಅಜ್ಜಿಯೇ. ಕೂಗೋಣವೆಂದರೆ ದನಿ ಇಲ್ಲ. ಪಕ್ಕದಲ್ಲಿದ್ದ ಸ್ಟೀಲಿನ ಲೋಟ ತಳ್ಳಿದೆ. ಅದು ಹುಳುಮನೆಯವರೆಗೂ ಉರುಳಿತು.

ಅಜ್ಜಿ ಓಡಿ ಬಂದಳು, ಎರಡೂ ಕೈ ಮೊಣಕೈವರೆಗೆ ಸುಣ್ಣ. ಹೊಸಿಲಿನಲ್ಲಿ ಗಕ್ಕನೆ ನಿಂತಳು. ನನ್ನನ್ನು ನೋಡಿದಳು, ಕೈ ನೋಡಿಕೊಂಡಳು. ಬಚ್ಚಲಿಗೆ ತಿರುಗಿ ಓಡಿದಳು. ನೀರು ಸುರಿದ ಸದ್ದು. ಬಂದವಳ ಮೈಮೇಲೆ ಹುಳುಮನೆಯ ಸೀರೆ ಇರಲಿಲ್ಲ, ಒಳಲಂಗ, ರವಿಕೆ, ಹೆಗಲಿಗೆ ಅಪ್ಪನ ಒಗೆದ ಟವಲು. ಒದ್ದೆ ಕೈಯಲ್ಲೇ ಗೂಡಿನಿಂದ ಪಂಪು ತೆಗೆದಳು. ಕ್ಲಿನಿಕ್ಕಿನಲ್ಲಿ ಬೇರೆ ಕಡೆ ನೋಡುತ್ತಿದ್ದವಳು ಎಲ್ಲವನ್ನೂ ನೋಡಿದ್ದಳು: ಕುಲುಕಿದಳು, ಕೊಳವೆಗೆ ಸಿಕ್ಕಿಸಿದಳು, ನನ್ನ ತುಟಿಗಿಟ್ಟು ಒತ್ತಿದಳು.

"ಎಳಕೊ ನಾಯನಾ. ಬಿಡು. ಒಕಟಿ. ಎಳಕೊ. ಬಿಡು. ರೆಂಡು."

ಹೆದರಿಕೆಯಲ್ಲಿ ಅವಳಿಗೆ ಎಣಿಕೆ ಬರುತ್ತಿದ್ದುದು ತೆಲುಗಿನಲ್ಲೇ. ಒಂದು ಕೈ ಕೊಳವೆ ಹಿಡಿದಿತ್ತು, ಇನ್ನೊಂದು ನನ್ನ ಬೆನ್ನ ಮೇಲಿತ್ತು, ತಣ್ಣಗೆ. ಹತ್ತಾಯಿತು. ಮತ್ತೆ ಒತ್ತಿದಳು. ಮತ್ತೆ ಒಕಟಿ, ರೆಂಡು, ಮೂಡು. ಈ ಸಲ ಏಳಕ್ಕೆ ಎಲ್ಲೋ ಒಂದು ಗಂಟು ಬಿಚ್ಚಿಕೊಂಡಿತು. ಎಂಟಕ್ಕೆ ಗಾಳಿ ಹೊಟ್ಟೆಯವರೆಗೂ ಇಳಿಯಿತು. ಹತ್ತಕ್ಕೆ ನಾನು ಸರಿಹೋಗಿದ್ದೆ; ಕೊಳವೆ ತೆಗೆದು, ಸಾಕಜ್ಜಿ ಎಂದು ಹೇಳುವಷ್ಟು ಉಸಿರಿತ್ತು.

ಅಜ್ಜಿ ನಿಲ್ಲಿಸಲಿಲ್ಲ. ಪದಕೊಂಡು, ಪನ್ನೆಂಡು. ಕಣ್ಣು ಮುಚ್ಚಿದ್ದಳು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಅವಳ ಅಂಗೈ ನನ್ನ ಬೆನ್ನ ಮೇಲೆ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ನಾನು ಕೊಳವೆಯನ್ನು ಕಚ್ಚಿಕೊಂಡೇ ಇದ್ದೆ. ಅವಳು ಎಳಕೊ ಅಂದಾಗ ಎಳೆದುಕೊಂಡೆ, ಬಿಡು ಅಂದಾಗ ಬಿಟ್ಟೆ.